ಹದಿನೇಳು ಹಿತ್ತಾಳೆ

ನಾಳೆ ನವೆಂಬರ್ ಹದಿನೈದು. ಶಾಲೆಗೂ ರಜೆ.
ಮಿಷಿಗನ್ನಿನ ಈ ಮೇಲ್ತುದಿಯಲ್ಲಿ ಅರ್ಧ ಊರು
ಕಿತ್ತಳೆ ಅಂಗಿ ತೊಟ್ಟು ಕಾಡು ಹೊಗುತ್ತದೆ.
ನಾನಿನ್ನೂ ನೆಲಮಾಳಿಗೆಯಲ್ಲಿ,
ಸೌನಾದ ಗೋಡೆಗೆ ಬೆನ್ನು ಕಾಯಿಸುತ್ತ
ಎಣಿಸುತ್ತಿದ್ದೇನೆ: ಹದಿನೇಳು.
ಮತ್ತೊಮ್ಮೆ ಎಣಿಸಿದರೂ ಹದಿನೇಳೇ.

ಈ ಕೋವಿಗೆ ಈಗ ಯಾವ ಅಂಗಡಿಯೂ ತೋಟಾ ಇಡುವುದಿಲ್ಲ.
ಮಾಡುತ್ತಿದ್ದ ಕಾರ್ಖಾನೆ
ನಾನು ಚಡ್ಡಿ ಹಾಕುವ ಕಾಲಕ್ಕೇ ಕೈತೊಳೆದುಕೊಂಡಿತು.
ಒಂದು ಹಾರಿಸಿದರೆ ತಾನೇ ಇನ್ನೊಂದು ಬಾಯಿಗಿಟ್ಟುಕೊಳ್ಳುವ
ಹೊಟ್ಟೆಬಾಕ, ನೂರು ದಾಟಿದ ಮುದುಕ;
ತಿಂದ ಸಿಪ್ಪೆ ಮೂರು ಮಾರು ಆಚೆ ಉಗಿಯುತ್ತಾನೆ.
ಉಗಿದದ್ದನ್ನು ಹೆಕ್ಕಿ, ತೊಳೆದು, ಹೊಸ ಕೇಪು ಕೂರಿಸಿ
ಮತ್ತೆ ತುಂಬುವುದು ನಮ್ಮ ಮನೆಯ ಕಸುಬು.

ತೈಮಿ ಅತ್ತೆಯ ಅಪ್ಪ ಇದನ್ನು ಇಸ್ಪೀಟಿನಲ್ಲಿ ಗೆದ್ದನಂತೆ,
ತಾಮ್ರದ ಗಣಿಯ ಕಾವಲುಗಾರನಿಂದ,
ಮುಷ್ಕರ ಮುರಿದು ಬಿದ್ದ ವರ್ಷ.
"ಅಲ್ಲಿಯವರೆಗೆ ಇದರ ಮೂತಿ ನಮ್ಮ ಕಡೆಗಿತ್ತು"
ಎನ್ನುತ್ತಿದ್ದಳು ಅತ್ತೆ, ಕಾಫಿಯನ್ನು ಬಸಿಗೆ ಸುರಿದು,
ಸಕ್ಕರೆ ಉಂಡೆ ಹಲ್ಲಲ್ಲಿ ಕಚ್ಚಿ.
ಮುಂದಿನದನ್ನು ಕಾಫಿಯ ಜೊತೆ ನುಂಗುತ್ತಿದ್ದಳು.

ತಕ್ಕಡಿಯೂ ಅವಳದೇ. ಔಷಧದಂಗಡಿ ಮುಚ್ಚಿದಾಗ
ಎರಡು ಡಾಲರಿಗೆ ತಂದದ್ದು.
ಮೊದಲು ಊರಿನ ಕೆಮ್ಮಿಗೆ ಮದ್ದು ತೂಗುತ್ತಿತ್ತು,
ಈಗ ಈ ಮದ್ದು.
ಉಸಿರು ತಾಗಿದರೆ ಮುಳ್ಳು ನಡುಗುತ್ತದೆ;
ಚರ್ಚಿನಲ್ಲಿ ಸೀನು ಬಂದವನಂತೆ
ಮುಖ ತಿರುಗಿಸಿ ಉಸಿರಾಡುತ್ತೇನೆ.

ಕಡಿಮೆಯಾದರೆ ಮುದುಕ ಬಾಯಿ ತೆರೆಯುವುದಿಲ್ಲ,
ಅರ್ಧ ನುಂಗಿ ಗಂಟಲಿಗೆ ಸಿಕ್ಕಿಸಿಕೊಂಡು ಕೂರುತ್ತಾನೆ.
ಹೆಚ್ಚಾದರೆ ಅವನ ಎದೆಗೂಡು ಬಿರಿಯುತ್ತದೆ,
ಒರಗಿಸಿಕೊಂಡ ನನ್ನ ಕೆನ್ನೆಯೂ.
ನಡುವೆ ನಾಲ್ಕು ಕಾಳು ಸಾಸಿವೆಯಷ್ಟು ಜಾಗ.
ಪುಸ್ತಕದಲ್ಲಿ ಅಂಕಿಯಿದೆ;
ಹದಕ್ಕೆ ಕಿವಿ ಬೇಕು.

ಹಿತ್ತಾಳೆಗೂ ದಣಿವುಂಟು.
ಹಿಗ್ಗಿ ಕುಗ್ಗಿ, ಹಿಗ್ಗಿ ಕುಗ್ಗಿ
ಬಾಯಂಚಿನಲ್ಲಿ ಹಟಮಾರಿಯಾಗುತ್ತದೆ.
ಆಗ ಉರಿಗೆ ಹಿಡಿದು ಬೆರಳಲ್ಲಿ ತಿರುಗಿಸುತ್ತ
ಬಣ್ಣ ಬಂತೋ ಬರಲಿಲ್ಲವೋ ಎನ್ನುವಾಗ
ನೀರಿಗೆ ಬಿಡಬೇಕು. ಚುಂಯ್.
ಅತ್ತೆ ಇದನ್ನು ವಿದ್ಯುದ್ದೀಪ ಆರಿಸಿ ಮಾಡುತ್ತಿದ್ದಳು,
ಕತ್ತಲಲ್ಲಿ ಬಣ್ಣ ಸುಳ್ಳು ಹೇಳದಂತೆ.

ಅವಳ ನೋಟುಬುಕ್ಕಿನಲ್ಲಿ ನಲವತ್ತರಿಂದ
ಇಳಿದುಬಂದ ಲೆಕ್ಕ:
"ಒಂದು, ಬೀವರ್ ಕಟ್ಟಿದ ಕೆರೆಯಲ್ಲಿ."
"ಎರಡು, ಜರೀಗಿಡದಲ್ಲಿ. ಬೇಸಗೆಗೆ ನೋಡಬೇಕು."
"ಒಂದು ಉರ್ಹೋನ ಕೋಟಿನ ಜೇಬಿನಲ್ಲಿತ್ತು,
ಗೊತ್ತಾಗದೆ ಅವನ ಜೊತೆಗೇ ಹೂತೆವು."
ಕೊನೆಯ ಪುಟ ನನಗೆ:
"ಮೊದಲು ಪ್ರಾಣಿಯ ಹತ್ತಿರ ಹೋಗು.
ಹಿತ್ತಾಳೆ ಎಲ್ಲಿಗೂ ಓಡುವುದಿಲ್ಲ."

*

ಬೆಳಿಗ್ಗೆ ಏಳೂವರೆ. ಸುಪೀರಿಯರ್ ಸರೋವರದ ಗಾಳಿ
ಇನ್ನೂ ಎದ್ದಿರಲಿಲ್ಲ.
ಹೆಮ್ಲಾಕ್ ಮರಗಳ ನಡುವೆ ಕಂದು ಬಣ್ಣವೊಂದು
ಕಾಲು ಮೂಡಿಸಿಕೊಂಡು, ಕೊಂಬು ಮೂಡಿಸಿಕೊಂಡು
ಜಿಂಕೆಯಾಯಿತು.
ಒತ್ತಿದೆ. ಮುದುಕ ಸರಾಗವಾಗಿ ಕೆಮ್ಮಿದ,
ಅಡ್ಡಿಯಿಲ್ಲದೆ ಇನ್ನೊಂದು ನುಂಗಿದ.
ಬಲಗಡೆ ಮಿಂಚಿ ಹೋಯಿತು ಹಳದಿ ಕಿಡಿ.

ನಾನು ಬಲಕ್ಕೆ ಹೋದೆ.

ಬಿಸಿ ಹಿತ್ತಾಳೆ ಹಿಮದಲ್ಲಿ
ತನ್ನಷ್ಟೇ ಅಗಲದ ಬಾವಿ ತೋಡಿಕೊಂಡು ಇಳಿಯುತ್ತದೆ.
ಹೆಬ್ಬೆರಳು ಹೋಗುವಷ್ಟು ಕಿಂಡಿ,
ಅದರ ಬಾಯಲ್ಲಿ ಆವಿಯದೊಂದು ಎಳೆ.
ಮಂಡಿಯೂರಿ, ಗವಸು ಕಳಚಿ,
ಮೊಣಕೈವರೆಗೆ ಇಳಿಸಿ ಎತ್ತಿದೆ.
ಬೆಚ್ಚಗಿತ್ತು, ಇಲ್ಲವೇ ನನ್ನ ಬೆರಳು ಮರಗಟ್ಟಿತ್ತು.
ಬೆಳಕಿಗೆ ಹಿಡಿದರೆ
ಅಂಚಿನಿಂದ ಕೆಳಕ್ಕೆ ಕೂದಲಿನಂಥ ಸೀಳು.
ಉಗುರಿನಿಂದ ಕೆರೆದು ನೋಡಿದೆ, ಕೊಳೆಯಿರಬಹುದೆಂದು.
ಉಗುಳು ಹಚ್ಚಿ ಒರೆಸಿದೆ.

ಎಷ್ಟು ಹೊತ್ತು? ನಾಲ್ಕು ನಿಮಿಷ? ಏಳು?
ಆಮೇಲೆ ಕಿವಿಗೆ ಬಿತ್ತು, ಎಡಗಡೆಯಿಂದ,
ಗೊರಸು ಹಿಮ ಕೆರೆಯುವ ಸದ್ದು.
ಕೆರೆಯುತ್ತಲೇ ಇತ್ತು.

ಓಡಿದೆ, ಮುಷ್ಟಿಯಲ್ಲಿ ಸೀಳು ಹಿತ್ತಾಳೆ ಹಿಡಿದುಕೊಂಡೇ.
ಅದರ ಕಣ್ಣು ನನ್ನನ್ನು ಕಂಡಿತು.
ಎರಡನೆಯದು ಎಲ್ಲಿ ಬಿತ್ತೋ ನೋಡಲಿಲ್ಲ.

ರಾತ್ರಿ ನೋಟುಬುಕ್ಕಿನಲ್ಲಿ ಬರೆದೆ: ಹದಿನೈದು.
ಕಾರಣದ ಜಾಗ
ಖಾಲಿ ಬಿಟ್ಟೆ.